ವಸಡಿನ ಪಾಠಕ್ಕೆ ಅಂಕ ಹಾಕಲು ಹೋದದ್ದು

ಬೇರೆಯವರ ಕೆಲಸ ನೆಟ್ಟಗಿದೆಯೇ ಎಂದು ನೋಡಿಕೊಂಡು ಬರಲು ಯಾರನ್ನೇ ಕಳಿಸಲಿ, ಹೋದವನ ಮರ್ಯಾದೆ ದಾರಿಯುದ್ದಕ್ಕೂ ಉದುರುತ್ತಾ ಹೋಗುತ್ತದೆ. ನನ್ನದು ನಾಲ್ಕು ತಾಲ್ಲೂಕಿನಲ್ಲಿ ಉದುರಿತು.

ತೊಂಬತ್ತರ ದಶಕದ ನಡುವಿನ ಮಾತು. ನಾನಾಗ ಒಂದು ದಂತವೈದ್ಯ ಕಾಲೇಜಿನ ವಸಡಿನ ವಿಭಾಗದಲ್ಲಿ ತಾತ್ಕಾಲಿಕ ಉಪನ್ಯಾಸಕ. ತಾತ್ಕಾಲಿಕ ಅಂದರೆ ಪ್ರತಿ ವರ್ಷ ಮಾರ್ಚ್ ತಿಂಗಳು ಬಂತೆಂದರೆ ಎದೆ ಡವಗುಟ್ಟುವ ಉದ್ಯೋಗ. ಮದುವೆಯಾಗಿ ಆರು ತಿಂಗಳಾಗಿತ್ತು. ಮಾವನವರಿಗೆ ಹುಡುಗ ಉಪನ್ಯಾಸಕ ಎಂದಷ್ಟೇ ಹೇಳಿದ್ದರು. ತಾತ್ಕಾಲಿಕ ಎಂಬ ಮಾತು ಅದು ಹೇಗೋ ಯಾರ ಬಾಯಲ್ಲೂ ಬಂದಿರಲಿಲ್ಲ.

ಆ ವರ್ಷ ನಮ್ಮ ವಿಭಾಗದ ಮುಖ್ಯಸ್ಥರು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಲ್ಲಿನ ಡಾಕ್ಟರುಗಳಿಗೆ ಒಂದು ದಿನದ ತರಬೇತಿ ಏರ್ಪಡಿಸಿದರು. ಅವರನ್ನು ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದೆವು. ಆ ಕಡೆ ಆಗ ಹಲ್ಲು ಅಲುಗಾಡಿತೆಂದರೆ ಕಿತ್ತು ಕೈಗೆ ಕೊಡುವುದೇ ವೈದ್ಯ. ಕೀಳುವ ಮೊದಲು ವಸಡು ನೋಡಿ, ಪಾಚಿ ತೆಗೆಯಿರಿ, ಎರಡು ಮೂರು ತಿಂಗಳು ಕಾದು ಹಲ್ಲು ಉಳಿಸಿ ಎನ್ನುವುದು ಮೇಷ್ಟ್ರ ಪಾಠ. ಆ ಪಾಠ ತಲೆಗೆ ಹತ್ತಿತೋ ಇಲ್ಲವೋ ಎಂದು ಊರೂರಿಗೆ ಹೋಗಿ ನೋಡಿ ವರದಿ ಬರೆಯುವುದು ನನ್ನ ಕೆಲಸ.

ಹೊರಡುವ ಮುಂಚೆ ಪ್ರಿನ್ಸಿಪಾಲರು ಕರೆದು ಹೇಳಿದರು. "ಈ ತರಬೇತಿಯಿಂದ ಒಬ್ಬ ಡಾಕ್ಟರಾದರೂ ಬದಲಾದ ಅಂತ ತೋರಿಸಪ್ಪ. ಇಲ್ಲದೇ ಹೋದರೆ ಮುಂದಿನ ವರ್ಷ ತರಬೇತಿಯೂ ಇಲ್ಲ, ಅದಕ್ಕೆ ಅಂತ ಇಟ್ಟುಕೊಂಡಿರೋ ಹುದ್ದೆಯೂ ಇಲ್ಲ."

ಆ ಹುದ್ದೆ ಅಂದರೆ ನಾನು. ನಾಲ್ಕು ತಾಲ್ಲೂಕಿನಲ್ಲಿ ಒಬ್ಬನೇ ಒಬ್ಬ ಸಿಕ್ಕಿದರೆ ಸಾಕಿತ್ತು.

ಊಟಕ್ಕೆ ಮುಂಚೆ, ಊಟವಾದ ಮೇಲೆ

ತರಬೇತಿ ನಡೆದದ್ದು ಶ್ರೀರಂಗಪಟ್ಟಣದ ಒಂದು ಸಭಾಂಗಣದಲ್ಲಿ. ಪಾಠಕ್ಕೆ ಮುಂಚೆ ಹತ್ತು ಪ್ರಶ್ನೆ ಕೊಟ್ಟು ಬರೆಸುವುದು, ಪಾಠವಾದ ಮೇಲೆ ಅದೇ ಹತ್ತು ಪ್ರಶ್ನೆ ಮತ್ತೆ ಕೊಟ್ಟು ಬರೆಸುವುದು. ಎರಡನೇ ಸಲ ಅಂಕ ಏರಿದರೆ ಪಾಠ ಹತ್ತಿತು ಎಂದು ಲೆಕ್ಕ. ಇಷ್ಟು ಸರಳವಾದದ್ದು ಕೆಡುವುದು ಹೇಗೆ ಎಂದು ನಾನು ಧೈರ್ಯವಾಗಿದ್ದೆ.

ಬೆಳಿಗ್ಗೆ ಪರೀಕ್ಷೆ ಮುಗಿಯಿತು. ಉದ್ಘಾಟನೆಗೆ ಬರಬೇಕಾದ ಅತಿಥಿಗಳು ಹನ್ನೊಂದೂವರೆಗೆ ಬಂದು, ತಮ್ಮ ಹಲ್ಲು ಇನ್ನೂ ಗಟ್ಟಿಯಾಗಿರುವುದಕ್ಕೆ ಬೇವಿನ ಕಡ್ಡಿಯೇ ಕಾರಣವೆಂದು ಒಂದು ಗಂಟೆ ಮಾತಾಡಿದರು. ಆಮೇಲೆ ವಂದನಾರ್ಪಣೆ, ಊಟ. ಮೇಷ್ಟ್ರ ಪಾಠ ಶುರುವಾದದ್ದು ಪಾಯಸದ ನಂತರ. ಸಂಜೆ ಎರಡನೇ ಪರೀಕ್ಷೆ ನಡೆಯಿತು.

ಆ ರಾತ್ರಿಯೇ ಅಂಕ ಕೂಡಿಸಿದೆ. ಬೆಳಿಗ್ಗೆ ಎಲ್ಲರಿಗೂ ಎಂಟು, ಒಂಬತ್ತು. ಸಂಜೆ ಮೂರು, ನಾಲ್ಕು. ಮತ್ತೊಮ್ಮೆ ಕೂಡಿಸಿದೆ, ಅಷ್ಟೇ ಬಂತು. ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗುಟ್ಟು ತಿಳಿಯಿತು. ಬೆಳಗಿನ ಹಾಳೆಗಳೆಲ್ಲ ಒಬ್ಬರೇ ಬರೆದಂತಿದ್ದವು. ಆರನೇ ಪ್ರಶ್ನೆಗೆ ಎಲ್ಲರೂ ಮೊದಲು ಒಂದು ಉತ್ತರ ಬರೆದು, ಅದನ್ನು ಹೊಡೆದುಹಾಕಿ, ಇನ್ನೊಂದು ಬರೆದಿದ್ದರು. ಮುಂದಿನ ಬೆಂಚಿನಲ್ಲಿ ಕೂತಿದ್ದ ಕೆ.ಆರ್. ಪೇಟೆಯ ಲೇಡಿ ಡಾಕ್ಟರ ಹಾಳೆಯಿಂದ ಹಿಂದಿನ ಬೆಂಚಿನವರೆಗೂ ಉತ್ತರ ಸಾಗಿಹೋಗಿತ್ತು. ಆಕೆ ತನ್ನ ರೋಗಿಗಳು ಕಾಯುತ್ತಿದ್ದಾರೆಂದು ಊಟ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಹೊರಟುಹೋಗಿದ್ದರು. ಸಂಜೆಯ ಪರೀಕ್ಷೆಯಲ್ಲಿ ಎಲ್ಲರೂ ಅನಾಥರು.

ಮಾರನೇ ದಿನ ಮೇಷ್ಟ್ರು ಅಂಕಪಟ್ಟಿ ನೋಡಿ ಕನ್ನಡಕ ತೆಗೆದರು. "ಏನಯ್ಯಾ ಇದು, ನನ್ನ ಪಾಠ ಕೇಳಿ ಇವರಿಗೆ ಗೊತ್ತಿದ್ದದ್ದೂ ಮರೆತುಹೋಯಿತಾ?"

"ಇಲ್ಲ ಸಾರ್," ಅಂದೆ, "ಗೊತ್ತಿದ್ದವರು ಊಟ ಮಾಡಿಕೊಂಡು ಹೋದರು."

ದಿನಾ ಬಳಸುವ ಪ್ರೋಬು

ತರಬೇತಿಗೆ ಬಂದವರಿಗೆಲ್ಲ ನಾವು ಒಂದೊಂದು ಪ್ರೋಬು ಕೊಟ್ಟಿದ್ದೆವು. ಪ್ರೋಬು ಅಂದರೆ ಹಲ್ಲಿಗೂ ವಸಡಿಗೂ ನಡುವೆ ಎಷ್ಟು ಆಳ ಸಂದು ಬಿದ್ದಿದೆ ಎಂದು ಅಳೆಯುವ, ಮಿಲಿಮೀಟರ್ ಗುರುತಿನ ಸಣ್ಣ ಕಡ್ಡಿ. ಮೂರು ತಿಂಗಳು ಬಿಟ್ಟು ಹೋಗಿ ಅದನ್ನು ಬಳಸುತ್ತಿದ್ದಾರೋ ಇಲ್ಲವೋ ನೋಡಬೇಕು.

ಮೊದಲು ಹೋದದ್ದು ಪಾಂಡವಪುರಕ್ಕೆ. ಅಲ್ಲಿಯ ಡಾಕ್ಟರು ವಯಸ್ಸಾದವರು, ಬಹಳ ಸಜ್ಜನರು. ಕಾಫಿ ತರಿಸಿಕೊಟ್ಟರು. "ಪ್ರೋಬು ಬಳಸ್ತಾ ಇದ್ದೀರಾ ಸಾರ್?" ಎಂದು ಮೆಲ್ಲಗೆ ಕೇಳಿದೆ.

"ಒಂದು ದಿನ ತಪ್ಪಿಲ್ಲ," ಅಂದರು.

ನನ್ನ ಜೀವ ತಣ್ಣಗಾಯಿತು. ತೋರಿಸಿ ಅಂದೆ. ಒಳಗೆ ಕರೆದುಕೊಂಡು ಹೋದರು. ಗೋಡೆಗೆ ದೇವರ ಪಟಗಳ ಸಾಲು, ಅದರ ಕೆಳಗೊಂದು ಹಲಗೆ, ಹಲಗೆಯ ಮೇಲೆ ಹಿತ್ತಾಳೆ ತಟ್ಟೆ. ತಟ್ಟೆಯಲ್ಲಿ ನಮ್ಮ ಪ್ರೋಬು ಅರಿಶಿನ ಕುಂಕುಮ ಹಚ್ಚಿಕೊಂಡು, ತಲೆಯ ಮೇಲೊಂದು ಕಾಕಡ ಹೂವು ಇಟ್ಟುಕೊಂಡು ಮಲಗಿತ್ತು.

"ಕಾಲೇಜಿನಿಂದ ಕೊಟ್ಟ ಪದಾರ್ಥ," ಅಂದರು ಡಾಕ್ಟರು. "ಕಂಡಕಂಡವರ ಬಾಯಿಗೆ ಹಾಕೋಕೆ ನನಗೆ ಮನಸ್ಸು ಬರಲಿಲ್ಲ. ಆಯುಧಪೂಜೆಗೆ ಇಟ್ಟೆ, ಆಮೇಲೆ ತೆಗೆಯೋಕೆ ಕೈ ಬರಲಿಲ್ಲ. ದಿನಾ ಬೆಳಿಗ್ಗೆ ಇದಕ್ಕೊಂದು ಹೂವು ಇಟ್ಟೇ ಷಟರ್ ಎತ್ತೋದು."

ನಾನು ಬಿಡಲಿಲ್ಲ. ನನ್ನ ಕಣ್ಣೆದುರು ಒಂದೇ ಒಂದು ಸಲ ಬಳಸಿ ಎಂದು ದುಂಬಾಲು ಬಿದ್ದೆ. ಪಾಪ, ಅವರು ಪ್ರೋಬಿಗೆ ಕೈ ಮುಗಿದು ಎತ್ತಿಕೊಂಡು, ಕುಂಕುಮ ತೊಳೆದು, ಕುದಿಸಿ ತಂದರು. ಕುರ್ಚಿಯಲ್ಲಿ ಕಬ್ಬು ಕಡಿಯುವ ಒಬ್ಬಾತ ಕೂತಿದ್ದ. ಕಡ್ಡಿ ದೇವರ ಮುಂದಿನಿಂದ ಎದ್ದು ಬಂದದ್ದನ್ನು ಅವನೂ ನೋಡಿದ್ದ. ಭಕ್ತಿಯಿಂದ ಬಾಯಿ ತೆರೆದ. ಡಾಕ್ಟರು ಎಲ್ಲ ಹಲ್ಲೂ ಅಳೆದರು, ನಾನು ಬರೆದುಕೊಂಡೆ. ಕೆಲಸ ಸುಸೂತ್ರವಾಗಿ ಮುಗಿಯಿತು.

ಕೊನೆಗೆ ಮುಕ್ಕಳಿಸಿ ಉಗುಳಲು ಒಂದು ಲೋಟ ನೀರು ಕೊಟ್ಟರು. ಆತ ಅದನ್ನು ಬಲಗೈಗೆ ಹಾಕಿಕೊಂಡು ಮೂರು ಸಲ ಕುಡಿದು, ಉಳಿದದ್ದನ್ನು ತಲೆಗೆ ಒರೆಸಿಕೊಂಡು, ಡಾಕ್ಟರ ಕಾಲಿಗೆ ಬಿದ್ದು ಹೋದ.

ಸುಳ್ಳು ರೋಗಿ

ಹೀಗೆ ಎದುರಿಗೆ ನಿಂತು ಕೇಳಿದರೆ ನಿಜ ಹೊರಬರುವುದಿಲ್ಲ ಎಂದು ನನಗೊಂದು ಉಪಾಯ ಹೊಳೆಯಿತು. ನಾಗಮಂಗಲದ ಡಾಕ್ಟರಿಗೆ ನನ್ನ ಮುಖ ಗೊತ್ತು, ನಮ್ಮ ಜೀಪಿನ ಡ್ರೈವರ ಮುಖ ಗೊತ್ತಿಲ್ಲ. ಡ್ರೈವರನ್ನೇ ರೋಗಿ ಮಾಡಿ ಕಳಿಸುವುದು. ವಸಡಿನಲ್ಲಿ ರಕ್ತ ಬರುತ್ತದೆ ಎಂದು ಹೇಳಬೇಕು, ಡಾಕ್ಟರು ಏನೇನು ಮಾಡಿದರು ಎಂದು ನೆನಪಿಟ್ಟುಕೊಂಡು ಬರಬೇಕು. ಮರೆಯದಿರಲೆಂದು ಹತ್ತು ಅಂಕದ ಪರಿಶೀಲನಾ ಪತ್ರವನ್ನೂ ಅವನ ಜೇಬಿಗೆ ಇಟ್ಟೆ. ದಾರಿಯುದ್ದಕ್ಕೂ ಗಿಣಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ. "ಅದೇನ್ ಮಹಾ ಬುಡಿ ಸಾ," ಅಂದ.

ಅವನು ಒಳಗೆ ಹೋದ. ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿಯಲ್ಲಿ ಕೂತೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಇರುವ ಹಲ್ಲನ್ನೆಲ್ಲ ಕಿತ್ತುಬಿಟ್ಟರೇನೋ ಎಂದು ನನಗೆ ಗಾಬರಿ. ಕಡೆಗೆ ಬಂದ, ಎಲೆ ಅಡಿಕೆ ಜಗಿಯುತ್ತಾ ಬಂದ.

"ಏನಾಯ್ತೋ? ವಸಡು ನೋಡಿದರಾ?"

"ಎಲ್ಲಿ ನೋಡಾರು ಸಾ. ಬಾಯ್ ತಗೀತಿದ್ದಂಗೇ, ಯಾವೂರಪ್ಪ ಅಂದ್ರು. ಇಂಗಿಂಗೆ ಇಂಥೂರು ಅಂದೆ. ಅಲ್ಲಿ ಯಾರ ಪೈಕಿ ಅಂದ್ರು. ಏಳುದ್ರೆ, ಅವ್ರ ಹೆಂಡ್ರು ನಮ್ ದೊಡ್ಡವ್ವನ ತವರ್ಮನೆ ಕಡೆಯೋರು. ಅಂಗೇ ಎಬ್ಬುಸ್ಕಂಡು ಮನೆಗೆ ಕರ್ಕೊಂಡೋದ್ರು. ಉಪ್ಸಾರು, ಮುದ್ದೆ. ಚೆನ್ನಾಗಿತ್ತು ಸಾ."

"ಮತ್ತೆ ನಾನು ಕಳಿಸಿದ್ದು?"

"ಅದ್ನೂ ಏಳ್ಬುಟ್ಟೆ. ನೆಂಟ್ರ ಮನೇಲಿ ಉಂಡು ಸುಳ್ಳೇಳಕ್ಕಾಯ್ತದಾ? ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ ನಿಮ್ ಕಾಗ್ದನೂ ಅವ್ರೇ ತುಂಬ್ಕೊಟ್ಟವ್ರೆ." ಜೇಬಿನಿಂದ ನನ್ನದೇ ಪರಿಶೀಲನಾ ಪತ್ರ ತೆಗೆದುಕೊಟ್ಟ. ಡಾಕ್ಟರು ತಮಗೆ ತಾವೇ ಹತ್ತಕ್ಕೆ ಒಂಬತ್ತು ಹಾಕಿಕೊಂಡು, ಕೆಳಗೆ ಸೀಲು ಒತ್ತಿದ್ದರು.

ನನಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. "ಹಾಕಿಕೊಳ್ಳೋದು ಹಾಕಿಕೊಂಡರು, ಒಂದು ಯಾಕೆ ಬಿಟ್ಟರು?"

"ನಾನೂ ಕೇಳ್ದೆ ಸಾ. ಪೂರ್ತಿ ಆಕುದ್ರೆ ನಿಮ್ ಸಾಹೇಬ್ರಿಗೆ ಅನ್ಮಾನ ಬತ್ತದೆ ಅಂದ್ರು."

ಕಲಿತ ಪಾಠ

ಕೆ.ಆರ್. ಪೇಟೆಯ ಲೇಡಿ ಡಾಕ್ಟರ ಕ್ಲಿನಿಕ್ಕಿಗೆ ಕಾಲಿಟ್ಟಾಗ ಮಾತ್ರ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ರೋಗಿಗೊಂದು ಕಾರ್ಡು, ಕಾರ್ಡಿನ ಮೇಲೆ ವಸಡಿನ ಅಳತೆ. ಪ್ರೋಬು ಬಳಸಿ ಬಳಸಿ ಅದರ ಹೊಳಪೇ ಹೋಗಿತ್ತು. ಸಿಂಧಘಟ್ಟದಿಂದ ಬಂದಿದ್ದ ಒಬ್ಬ ಅಜ್ಜಿ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡು, ಹಲ್ಲುಜ್ಜುವಾಗ ಬ್ರಷ್ಷು ಯಾವ ಕಡೆಗೆ ತಿರುಗಬೇಕು ಎಂದು ತೋರುಬೆರಳಲ್ಲೇ ಮಾಡಿ ತೋರಿಸಿತು. "ಅಡ್ಡಡ್ಡ ಉಜ್ಬಾರ್ದು ಕಣಪ್ಪಾ, ವಸಡು ಸವೀತದೆ. ಎಲ್ಲಿ, ನೀನೊಂದ್ಸಲ ಉಜ್ಜಿ ತೋರ್ಸು." ನಾನು ತೋರಿಸಿದೆ. "ಊಹ್ಞೂಂ, ನಿಂಗಿನ್ನೂ ಬಂದಿಲ್ಲ," ಅಂತು ಅಜ್ಜಿ. ವಸಡಿನ ವಿಭಾಗದ ಉಪನ್ಯಾಸಕ ನಾನು.

ಅದಕ್ಕೂ ನನಗೆ ಬೇಜಾರಾಗಲಿಲ್ಲ. ಬದಲಾದ ಡಾಕ್ಟರು ಸಿಕ್ಕಿದರು, ಕೆಲಸ ಉಳಿಯಿತು ಎಂದು ಮನಸ್ಸಿನಲ್ಲೇ ಹೆಂಡತಿಗೆ ಸೀರೆ ಕೂಡ ಕೊಂಡುಬಿಟ್ಟೆ. ಪುಸ್ತಕ ತೆರೆದು, ಪೆನ್ನು ಹಿಡಿದು, "ಮೇಡಂ, ನಮ್ಮ ತರಬೇತಿಯಿಂದ ನೀವು ಕಲಿತದ್ದನ್ನ ನಿಮ್ಮ ಮಾತಿನಲ್ಲೇ ಹೇಳಿ," ಅಂದೆ.

ಆಕೆ ಕೈಯಲ್ಲಿದ್ದ ಕಾರ್ಡು ಕೆಳಗಿಟ್ಟರು. "ನಾನು ಇದನ್ನೆಲ್ಲ ಆರು ವರ್ಷದಿಂದ ಮಾಡ್ತಾ ಇದ್ದೀನಿ. ನಿಮ್ಮ ಮೇಷ್ಟ್ರ ಪಾಠಕ್ಕೆ ನಾನು ಇರಲೇ ಇಲ್ಲವಲ್ಲ."

ಪೆನ್ನನ್ನು ಹಾಳೆಯಿಂದ ಎತ್ತಲಿಲ್ಲ. "ಏನಾದರೂ ಒಂದು ಕಲಿತಿರಬೇಕು ಮೇಡಂ, ನೆನಪು ಮಾಡಿಕೊಳ್ಳಿ. ನನ್ನ ಕೆಲಸದ ಪ್ರಶ್ನೆ."

ಆಕೆಗೆ ನನ್ನನ್ನು ನೋಡಿ ಕನಿಕರ ಬಂದಿರಬೇಕು. "ಪಾಯಸಕ್ಕೆ ಸ್ವಲ್ಪ ಪಚ್ಚಕರ್ಪೂರ ಹಾಕಿದ್ದರು," ಅಂದರು. "ಅದನ್ನ ಮನೇಲಿ ಮಾಡ್ತಾ ಇದ್ದೀನಿ."

ಅರಕೆರೆಯ ಹಲ್ಲು

ಉಳಿದದ್ದು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ. ಅಲ್ಲಿ ಒಬ್ಬ ಹುಡುಗ ಡಾಕ್ಟರು ಹೊಸದಾಗಿ ಕ್ಲಿನಿಕ್ ತೆರೆದಿದ್ದ. ಆತ ಪಾಠದಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ಪುಟಗಟ್ಟಲೆ ಬರೆದುಕೊಂಡಿದ್ದು ನನಗೆ ನೆನಪಿತ್ತು. ಹೋಗಿ ನೋಡಿದರೆ ಆತ ನಿಜವಾಗಿಯೂ ಬದಲಾಗಿದ್ದ. ಮೊದಲು ವಾರಕ್ಕೆ ಇಪ್ಪತ್ತು ಹಲ್ಲು ಕೀಳುತ್ತಿದ್ದವನು ಈಗ ಕೀಳುವುದನ್ನೇ ಹೆಚ್ಚುಕಡಿಮೆ ನಿಲ್ಲಿಸಿದ್ದ. ನೋಟ್‌ಪುಸ್ತಕದಲ್ಲಿ ಒಬ್ಬೊಬ್ಬರ ವಸಡಿನ ಅಳತೆಯನ್ನೂ ದಿನಾಂಕ ಹಾಕಿ ಬರೆದಿಟ್ಟಿದ್ದ. ನನಗೆ ಅವನನ್ನು ಎತ್ತಿಕೊಂಡು ಕುಣಿಯಬೇಕೆನ್ನಿಸಿತು.

ಅವನ ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ. ಹೊರಗಿನ ಬೆಂಚು ಖಾಲಿ. "ಊರೋರೆಲ್ಲ ಇಲ್ಲಿಂದಲೇ ಬಸ್ಸತ್ತಿ ಶ್ರೀರಂಗಪಟ್ಟಣಕ್ಕೋಗಿ ಕೀಳಿಸ್ಕೊಂಡು ಬರ್ತಾರೆ ಸಾರ್. ಪಾಠ ಕೇಳಿ ಬಂದ ಮೇಲೆ ನನಗೆ ಕೀಳೋದು ಮರೆತುಹೋಗಿದೆ, ಅದಕ್ಕೇ ಉಜ್ಜು ಅಂತೀನಿ ಅಂತ ಸುದ್ದಿಯಾಗಿದೆ. ನಿಮ್ಮ ಮೇಷ್ಟ್ರು ಬಂದು ಹೇಳಿದರೆ ಜನ ಕೇಳಬಹುದು, ಬೇಗ ಕರ್ಕೊಂಡು ಬನ್ನಿ, ನಾನು ಬೋರ್ಡು ಇಳಿಸೋದರೊಳಗೆ." ಮೇಷ್ಟ್ರು ಕಣ್ಣಾರೆ ನೋಡಿ ಸಹಿ ಹಾಕಿದರೆ ಮಾತ್ರ ಪ್ರಿನ್ಸಿಪಾಲರು ಒಪ್ಪುತ್ತಿದ್ದರು. ಅಲ್ಲಿಗೆ ನನ್ನ ಕೆಲಸ, ಅವನ ಬೋರ್ಡು ಎರಡೂ ಮೇಷ್ಟ್ರ ಒಂದು ಭೇಟಿಯ ಮೇಲೆ ನಿಂತವು.

ಮುಂದಿನ ವಾರ ಮೇಷ್ಟ್ರು ಬಂದರು. ನೋಟ್‌ಪುಸ್ತಕ ತಿರುವಿ ಹಾಕಿ ತುಂಬ ಸಂತೋಷಪಟ್ಟರು. ಆ ಹೊತ್ತಿಗೆ ಕ್ಲಿನಿಕ್ಕಿನ ಒಬ್ಬನೇ ಖಾಯಂ ರೋಗಿ ಬಂದ. ಆತ ಆ ಕಟ್ಟಡದ ಮಾಲೀಕ, ನಾಲೆ ಬಯಲಿನಲ್ಲಿ ಗದ್ದೆ ಇದ್ದ ಹಿರಿಯ ಗೌಡರು. ತನ್ನ ಮಳಿಗೆಯ ಡಾಕ್ಟರನ್ನು ಬಿಟ್ಟು ಬೇರೆ ಕಡೆ ಹೋದರೆ ಚೆನ್ನಾಗಿರುವುದಿಲ್ಲ ಎಂಬ ದಾಕ್ಷಿಣ್ಯಕ್ಕೆ ಕೆಳಗಿನ ಒಂದು ಹಲ್ಲನ್ನು ಮೂರು ತಿಂಗಳಿಂದ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದರು.

"ನೀವೇನಾ ಇವ್ನಿಗೆ ಪಾಠ ಏಳ್ದೋರು?" ಎಂದು ಗೌಡರು ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿದರು. "ಹಲ್ಲು ಕೊಟ್ಟೋಗಾನ ಅಂತ ಬಂದ್ರೆ ಬ್ರಷ್ಷು ಕೊಟ್ಟು ಕಳಿಸ್ತಾನಲ್ಲ ಸಾಮಿ."

ಮೇಷ್ಟ್ರು ನಕ್ಕು, ಗೌಡರನ್ನು ಕೂರಿಸಿಕೊಂಡು, ಹಲ್ಲು ಉಳಿಸುವುದು ಏಕೆ ಮುಖ್ಯ ಎಂದು ಕಾಲು ಗಂಟೆ ಸೊಗಸಾಗಿ ವಿವರಿಸಿದರು. ಗೌಡರು ಪೂರ್ತಿ ಕೇಳಿಸಿಕೊಂಡರು.

"ಅದೆಲ್ಲ ಸರಿ. ನಿಮ್ಗೆ ಕೀಳಕ್ಕೆ ಬತ್ತದಾ?"

"ಬರದೆ ಏನು," ಅಂದರು ಮೇಷ್ಟ್ರು.

"ಕಡೇಗೆ ಕಿತ್ತಿದ್ದು ಯಾವಾಗ?"

ಮೇಷ್ಟ್ರು ನೆನಪು ಮಾಡಿಕೊಳ್ಳತೊಡಗಿದರು. ನೆನಪು ಮಾಡಿಕೊಳ್ಳುತ್ತಲೇ ಇದ್ದರು. ಗೌಡರು ನಿಟ್ಟುಸಿರು ಬಿಟ್ಟು ಹುಡುಗ ಡಾಕ್ಟರ ಕಡೆ ತಿರುಗಿದರು. "ನಿಂದೇನೂ ತಪ್ಪಿಲ್ಲ ಬುಡು ಮಗ. ಮೇಷ್ಟ್ರಿಗೇ ಮರ್ತೋಗಿರದು ನಿಂಗೆ ಎಲ್ಲಿಂದ ನೆನಪಿದ್ದಾತು."

ಮೇಷ್ಟ್ರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. "ಇಂಜೆಕ್ಷನ್ ತನ್ನಿ," ಅಂದರು. ಹುಡುಗ, "ಸಾರ್, ಅದು..." ಎಂದು ಬಾಯಿ ತೆರೆದ. "ಸುಮ್ಮನಿರಪ್ಪ," ಅಂದರು. ನಾನು ಸುಮ್ಮನಿದ್ದೆ, ಅದು ನನ್ನ ಹೇಡಿತನ. ಮರಗಟ್ಟುವವರೆಗೆ ಕಾದು, ಇಕ್ಕಳ ಹಿಡಿದು, ಹೂವು ಬಿಡಿಸಿದಷ್ಟು ಸಲೀಸಾಗಿ ಹಲ್ಲು ತೆಗೆದು ಗೌಡರ ಅಂಗೈಯಲ್ಲಿ ಇಟ್ಟರು. "ನೋವಾಯಿತಾ ಗೌಡರೇ?" ಎಂದು ಕೇಳಿದಾಗ ಅವರ ಮುಖದಲ್ಲಿ ಎಂಥ ಗೆಲುವು. ಗೌಡರು ಬಾಯಲ್ಲಿ ಹತ್ತಿ ಇಟ್ಟುಕೊಂಡು ಇಲ್ಲವೆಂದು ತಲೆಯಾಡಿಸಿದರು.

ಆಮೇಲೆ ಮೇಷ್ಟ್ರು ತಿರುಗಿ ನೋಡಿದರು. ಹುಡುಗ ನೋಟ್‌ಪುಸ್ತಕ ತೆರೆದುಕೊಂಡು ನಿಂತಿದ್ದ.

"ಮೊದಲ ದಿನ ಆರು ಮಿಲಿಮೀಟರ್ ಇತ್ತು ಸಾರ್," ಎಂದು ಮೆಲ್ಲಗೆ ಓದಿದ. "ಹೋದ ತಿಂಗಳು ಐದು. ಮೊನ್ನೆ ಅಳೆದಾಗ ನಾಲ್ಕು. ನಾಲ್ಕಕ್ಕೆ ಬಂದರೆ ಹಲ್ಲು ಉಳಿಯುತ್ತೆ ಅಂತ ನೀವೇ ಹೇಳಿದ್ರಿ."

ನನಗೆ ನಿಜವಾಗಿ ಸಂಕಟವಾಯಿತು. ಆ ಹುಡುಗ ಮೂರು ತಿಂಗಳು ಕಾದು ಉಳಿಸಿದ್ದ ಹಲ್ಲು ಅದು. ಮೇಷ್ಟ್ರು ಇಕ್ಕಳವನ್ನು ಟ್ರೇಯಲ್ಲಿ ಇಟ್ಟು, ಕೈಗವಸು ಬಿಚ್ಚಿ, ಮತ್ತೆ ಹಾಕಿಕೊಂಡು, ಮತ್ತೆ ಬಿಚ್ಚಿದರು.

ಅಷ್ಟರಲ್ಲಿ ಗೌಡರು ಹೊರಗೆ ಹೋಗಿ, ಬಸ್ಸಿಗೆ ನಿಂತಿದ್ದವರಿಗೆಲ್ಲ ಹಲ್ಲನ್ನು ಎತ್ತಿ ತೋರಿಸಿಬಿಟ್ಟಿದ್ದರು. ಶ್ರೀರಂಗಪಟ್ಟಣಕ್ಕೆ ಹಲ್ಲು ಕೀಳಿಸಲು ಹೊರಟಿದ್ದವರು ಬಸ್ಸು ಬಿಟ್ಟು ಇತ್ತ ಬಂದರು. ಹತ್ತು ನಿಮಿಷದಲ್ಲಿ ಬೆಂಚು ತುಂಬಿತು. ಮೇಷ್ಟ್ರು ಒಬ್ಬೊಬ್ಬರನ್ನೇ ಕೂರಿಸಿ, ಹುಡುಗನ ಕೈಗೇ ಪ್ರೋಬು ಕೊಟ್ಟು ಅಳೆಸಿ, "ನಿನ್ನದು ಉಳಿಯುತ್ತಪ್ಪ, ಕೀಳೋದು ಬೇಡ, ಈ ಡಾಕ್ಟರು ಹೇಳಿದ ಹಾಗೆ ಕೇಳು," ಎಂದು ಹೇಳತೊಡಗಿದರು. ಜಗಳವಾಗುತ್ತದೆ ಎಂದು ನಾನು ಬಾಗಿಲ ಹತ್ತಿರ ಹೋಗಿ ನಿಂತೆ. ಯಾರೂ ಜಗಳವಾಡಲಿಲ್ಲ. "ಕೀಳಕ್ ಬರೋರೇ ಬ್ಯಾಡ ಅಂತಾವ್ರೆ ಅಂದ್ರೆ ನಿಜ ಇರ್ಬೇಕು ಕಣ್ಲಾ," ಎಂದು ಬೆಂಚಿನ ಮೇಲೆ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಸಂಜೆಯವರೆಗೆ ಆ ಕುರ್ಚಿ ಖಾಲಿಯಾಗಲಿಲ್ಲ, ಒಂದು ಹಲ್ಲೂ ಉದುರಲಿಲ್ಲ. ಹುಡುಗ ಎಲ್ಲರಿಗೂ ಮುಂದಿನ ವಾರದ ದಿನಾಂಕ ಬರೆದುಕೊಟ್ಟ.

ವಾಪಸ್ಸು ಬರುವಾಗ ಜೀಪಿನಲ್ಲಿ ಮೇಷ್ಟ್ರು, ಶ್ರೀರಂಗಪಟ್ಟಣದ ಸೇತುವೆ ದಾಟಿದ ಮೇಲೆ, "ವರದೀಲಿ ಏನು ಬರೀತೀಯ?" ಅಂದರು.

"ಪಾಠ ಕಲಿತವರು ಒಬ್ಬರು ಸಿಕ್ಕಿದರು ಅಂತ ಬರೀತೀನಿ ಸಾರ್."

"ಇನ್ನೊಬ್ಬರು ಮರೆತರು ಅಂತಲೂ ಬರಿ. ಆದದ್ದು ಆದ ಹಾಗೆ ಬರೀಬೇಕು. ಮುಂದಿನ ವರ್ಷವೂ ಈ ತರಬೇತಿ ನಡೀಲೇಬೇಕು ಅಂತ ಕೆಳಗೆ ಶಿಫಾರಸು ಹಾಕು, ನಾನು ಸಹಿ ಮಾಡ್ತೀನಿ. ಯಾರಿಗೆ ಬೇಕು ಅಂತ ನೋಡಿದೆಯಲ್ಲ."

ನನ್ನ ಕೆಲಸ ಉಳಿಯಿತು. ಮಾವನವರ ಮುಂದೆ ಇನ್ನೊಂದು ವರ್ಷ ತಲೆಯೆತ್ತಿ ಓಡಾಡಬಹುದಿತ್ತು.

ಮೇಷ್ಟ್ರು ಕೆಮ್ಮಿದರು. "ಹೆಸರು ಮಾತ್ರ ಹಾಕಬೇಡ. ಆ ಹಲ್ಲು ಕಿತ್ತದ್ದು ತರಬೇತಿ ಕೊಟ್ಟ ಹಿರಿಯ ಪ್ರಾಧ್ಯಾಪಕರಲ್ಲಿ ಒಬ್ಬರು ಅಂತ ಬರಿ."

"ಸಾರ್," ಅಂದೆ, "ತರಬೇತಿ ಕೊಟ್ಟವರು ಇರೋದೇ ಒಬ್ಬರು."

ಡ್ರೈವರು ನಗು ತಡೆಯಲಾರದೆ ಹಾರನ್ ಹೊಡೆದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು.

"ಹಾಗಾದರೆ ಹಿರಿಯ ಅನ್ನೋದನ್ನ ತೆಗೆದುಬಿಡು," ಅಂದರು.